ಯಾವುದು ಉಳೀಬೇಕು?

ಗದಗಿನ ಒಂದು ವಿಚಾರಗೋಷ್ಠಿಯಲ್ಲಿ 'ಸುಸ್ಥಿರತೆ' ಎಂಬ ಮಾತು ದಿನವಿಡೀ ಕಿವಿಗೆ ಬಿತ್ತು. ಮನೆಗೆ ಬಂದು ಅವ್ವಗ ಹೇಳಿದೆ. "ಹಂಗಂದ್ರ ಏನಪಾ?" ಅಂದಳು. "ಇದ್ದದ್ದು ಕೆಡದಂಗ ಬಾಳ ದಿನ ಉಳಿಯೂದು." "ಹಂಗಾರ ನಮ್ಮ ಕೇರಿನೂ ಇದ್ದಂಗ ಉಳೀಬೇಕೇನು?" ಈ ಪ್ರಶ್ನೆಯನ್ನು ಗೋಷ್ಠಿಯಲ್ಲಿ ಯಾರೂ ಕೇಳಿರಲಿಲ್ಲ.

1987ರಲ್ಲಿ ವಿಶ್ವಸಂಸ್ಥೆಯ ಬ್ರುಂಟ್‌ಲ್ಯಾಂಡ್ ಆಯೋಗ, ಮುಂದಿನ ಪೀಳಿಗೆಯ ಪಾಲಿಗೆ ಧಕ್ಕೆ ಬಾರದಂತೆ ಇಂದಿನ ಅಗತ್ಯ ಪೂರೈಸಿಕೊಳ್ಳಬೇಕು ಎಂದಿತು. ಬಡವರ ಅಗತ್ಯವೇ ಎಲ್ಲಕ್ಕಿಂತ ಮೊದಲು ಎಂದೂ ಹೇಳಿತ್ತು. ನಮ್ಮ ವೇದಿಕೆಗಳು ಮೊದಲ ಮಾತು ಹಿಡಿದು ಎರಡನೆಯದನ್ನು ನುಂಗಿಬಿಟ್ಟಿವೆ.

ಕಪ್ಪತಗುಡ್ಡವನ್ನೇ ನೋಡಿ. ಗದಗ, ಶಿರಹಟ್ಟಿ, ಮುಂಡರಗಿಗೆ ಹಬ್ಬಿದ ಗುಡ್ಡ. ಗಣಿಯವನಿಗೆ ಅದು ಅದಿರು, ಗಾಳಿಯಂತ್ರದವನಿಗೆ ಕರೆಂಟು, ಪರಿಸರವಾದಿಗೆ ಔಷಧಿ ಸಸ್ಯಗಳ ಕಣಜ. 2011ರಲ್ಲಿ ಹಳ್ಳಿಗುಡಿ ಭಾಗಕ್ಕೆ ಪೋಸ್ಕೊ ಉಕ್ಕಿನ ಕಾರ್ಖಾನೆ ಬೇಡವೆಂದು ರೈತರು ಎದ್ದರು, ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು. ಸರ್ಕಾರ ಯೋಜನೆ ಕೈಬಿಟ್ಟಿತು. 2016ರಲ್ಲಿ ಗುಡ್ಡದ ಸಂರಕ್ಷಿತ ಪಟ್ಟ ಕಿತ್ತಾಗ ಮತ್ತೆ ಹೋರಾಟ. 2017ರಲ್ಲಿ ಪಟ್ಟ ಮರಳಿತು, 2019ರಲ್ಲಿ ವನ್ಯಜೀವಿಧಾಮವಾಯಿತು. ಈ ಗೆಲುವು ನಮ್ಮದೂ ಹೌದು.

ಆದರೆ ಗುಡ್ಡದ ಕಟ್ಟಿಗೆ ಹೊತ್ತು ಒಲೆ ಹೊತ್ತಿಸಿದವರು, ಅಂಚಿನಲ್ಲಿ ತುಂಡು ನೆಲ ಉತ್ತವರು ಈ ಲೆಕ್ಕದಲ್ಲಿ ಎಲ್ಲಿ? 2006ರ ಅರಣ್ಯ ಹಕ್ಕು ಕಾಯ್ದೆ ಆದಿವಾಸಿಗಳಲ್ಲದವರಿಂದ 75 ವರ್ಷದ ಪುರಾವೆ ಬೇಡುತ್ತದೆ. ಹಿರಿಯರ ಹೇಳಿಕೆಯೂ ಪುರಾವೆಯೆಂದು ನಿಯಮವಿದೆ. ನಾನು ನಿಂತ ಕಚೇರಿಯ ಮೇಜು ಮಾತ್ರ ಕಾಗದ ಕೇಳಿತು. ನನ್ನಜ್ಜನ ಹೆಸರು ಯಾವ ಪಹಣಿಯಲ್ಲೂ ಇಲ್ಲ.

ಇನ್ನು ನಮ್ಮ ಕವಿಗಳು. ಹಳೆಯ ಹಳ್ಳಿಯೇ ಸುಸ್ಥಿರ ಬದುಕು, ಅಲ್ಲಿ ಏನೂ ಹಾಳಾಗುತ್ತಿರಲಿಲ್ಲ ಎಂದು ಹಾಡುತ್ತಾರೆ. ಖರೆ. ಸತ್ತ ದನದ ತೊಗಲೂ ಮಿಣಿಯಾಗುತ್ತಿತ್ತು, ಚಪ್ಪಲಿಯಾಗುತ್ತಿತ್ತು. ಆ ದನ ಎಳೆದವರು ಯಾರು? ಬಾವಿಯಿಂದ ದೂರ ನಿಂತವರು ಯಾರು? ಕವಿತೆ ಅಲ್ಲಿಗೆ ಬಂದಾಗ ಮೂಗು ಮುಚ್ಚಿಕೊಳ್ಳುತ್ತದೆ.

ಎಲ್ಲ ಅಳಿದರೂ ಹಳ್ಳಿ ಉಳಿಯಿತು ಎಂದು ಹೊಗಳಿದವರಿಗೆ ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲೇ ಉತ್ತರ ಕೊಟ್ಟಿದ್ದಾರೆ: ಬರೀ ಉಳಿಯುವುದಕ್ಕೆ ಬೆಲೆಯಿಲ್ಲ, ಯಾವ ಮಟ್ಟದಲ್ಲಿ ಉಳಿಯಿತು ಎಂಬುದೇ ಪ್ರಶ್ನೆ. ಸುಸ್ಥಿರತೆಯ ಬಗ್ಗೆ ಇದಕ್ಕಿಂತ ಹರಿತವಾದ ವಿಮರ್ಶೆ ನಾನು ಓದಿಲ್ಲ.

ಹಳ್ಳಿಯ ಮೇಷ್ಟ್ರುಗಳೇ, ಈ ಪದ ಪಾಠದಲ್ಲಿ ಬಂದಾಗ ಮಕ್ಕಳಿಂದ ಮೂರು ಮಾತು ಕೇಳಿಸಿ: ಯಾವುದು ಉಳೀಬೇಕು, ಯಾರಿಗಾಗಿ, ಯಾರ ಹೆಗಲ ಮೇಲೆ? ಗುಡ್ಡ ಉಳೀಲಿ. ಊರಿಂದ ಕೇರಿ ಬ್ಯಾರೆ ಮಾಡಿದ ಗೆರೆ ಉಳಿಯೂದು ಬ್ಯಾಡ.