ಇಬ್ಭಾಗವಾದ ಕೀಲಿಮಣೆ: ಭರವಸೆ ಎಷ್ಟು, ಪುರಾವೆ ಎಷ್ಟು?

ಗಣಕದ ಮುಂದೆ ದಿನಕ್ಕೆ ಹಲವು ಗಂಟೆ ಕೂರುವವರಿಗೆಂದು ಮಾರುಕಟ್ಟೆಯಲ್ಲಿ ಒಂದು ಬಗೆಯ ಕೀಲಿಮಣೆ ಸಿಗುತ್ತದೆ. ಅದರ ಅಕ್ಷರ ಕೀಲಿಗಳು ನಡುವೆ ಸೀಳಿಕೊಂಡು ಎಡಗೈಗೊಂದು, ಬಲಗೈಗೊಂದು ಗುಂಪಾಗಿರುತ್ತವೆ. ಕೆಲವು ಮಾದರಿಗಳಲ್ಲಿ ಈ ಎರಡು ಗುಂಪುಗಳು ಒಂದೇ ಹಲಗೆಯ ಮೇಲೆ ಓರೆಯಾಗಿ ಕೂತಿರುತ್ತವೆ; ಇನ್ನು ಕೆಲವು ಪೂರ್ತಿ ಬೇರೆಯಾದ ಎರಡು ತುಂಡುಗಳು. ಬೆಲೆ ಸಾಮಾನ್ಯ ಕೀಲಿಮಣೆಯ ಹಲವು ಪಟ್ಟು. ಪೆಟ್ಟಿಗೆಯ ಮೇಲೆ 'ಎರ್ಗೊನಾಮಿಕ್' ಎಂಬ ಪದ ಎದ್ದು ಕಾಣುತ್ತದೆ. ದೇಹಕ್ಕೆ ತಕ್ಕಂತೆ ಉಪಕರಣವನ್ನು ರೂಪಿಸುವ ವಿಜ್ಞಾನಕ್ಕೆ ಸಂಬಂಧಿಸಿದ್ದು ಎಂದು ಅದರ ಅರ್ಥ. ಈ ಪದದ ಹಿಂದೆ ಅಳೆದು ತೋರಿಸಿದ ಲಾಭ ಎಷ್ಟು, ಬರಿಯ ಆಶ್ವಾಸನೆ ಎಷ್ಟು? ಗಣಕ ಕೊಠಡಿಗೆ ಉಪಕರಣ ಕೊಳ್ಳಬೇಕಾದ ಅಧ್ಯಾಪಕರೂ, ಪ್ರಾಜೆಕ್ಟ್ ವರದಿ ಬೆರಳಚ್ಚಿಸಿ ಮಣಿಕಟ್ಟು ಹಿಡಿದುಕೊಳ್ಳುವ ವಿದ್ಯಾರ್ಥಿಗಳೂ ಹಣ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆ ಇದು.

ದೋಷ ಎಲ್ಲಿದೆ?

ಒಂದು ಅಳತೆಪಟ್ಟಿ ತೆಗೆದುಕೊಂಡು ನಿಮ್ಮ ಕೀಲಿಮಣೆಯನ್ನೇ ಅಳೆಯಿರಿ. ಅಕ್ಕಪಕ್ಕದ ಎರಡು ಕೀಲಿಗಳ ನಡುಬಿಂದುಗಳ ಅಂತರ ಸುಮಾರು 19 ಮಿ.ಮೀ. ಬೆರಳಚ್ಚಿನ ಕ್ರಮದಂತೆ ಎಡಗೈ ಬೆರಳುಗಳನ್ನು ಎ, ಎಸ್, ಡಿ, ಎಫ್ ಕೀಲಿಗಳ ಮೇಲೂ ಬಲಗೈ ಬೆರಳುಗಳನ್ನು ಜೆ, ಕೆ, ಎಲ್ ಮತ್ತು ಅದರ ಮುಂದಿನ ಕೀಲಿಯ ಮೇಲೂ ಇಡಿ. ಎರಡು ಕೈಗಳ ಮಧ್ಯಭಾಗಗಳ ನಡುವೆ ಇರುವುದು ಆರು ಕೀಲಿಗಳ ಅಂತರ, ಅಂದರೆ ಸುಮಾರು 11.4 ಸೆಂ.ಮೀ. ಮೈಗೆ ತಾಗಿಸಿ ಇಳಿಬಿಟ್ಟ ಮೊಣಕೈಗಳ ನಡುವಿನ ಅಂತರ 40 ಸೆಂ.ಮೀ. ಎಂದುಕೊಳ್ಳಿ. ಆಗ ಪ್ರತಿ ಕೈಯೂ ಸುಮಾರು 14 ಸೆಂ.ಮೀ. ಒಳಕ್ಕೆ ಬರಬೇಕು. ಮೊಣಕೈಯಿಂದ ಬಾಗಿದ ಬೆರಳತುದಿಗೆ 40 ಸೆಂ.ಮೀ. ಇದ್ದರೆ ಮುಂಗೈ ಒಳಕ್ಕೆ ವಾಲುವ ಕೋನ ಸುಮಾರು 20 ಡಿಗ್ರಿ. ತ್ರಿಕೋನಮಿತಿ ಕಲಿತ ವಿದ್ಯಾರ್ಥಿ ತನ್ನದೇ ಅಳತೆಗಳಿಂದ ಇದನ್ನು ಲೆಕ್ಕ ಹಾಕಬಹುದು.

ಮುಂಗೈ ಓರೆಯಾದರೂ ಕೀಲಿಗಳ ಸಾಲು ನೇರವಾಗಿಯೇ ಇರುತ್ತದೆ. ಅದಕ್ಕೆ ಹೊಂದಿಕೊಳ್ಳಲು ಅಂಗೈ ಕಿರುಬೆರಳಿನ ಕಡೆಗೆ ತಿರುಗುತ್ತದೆ. ಮಣಿಕಟ್ಟು ಪಕ್ಕಕ್ಕೆ ಬಾಗುತ್ತದೆ. ಅಂಗೈಯನ್ನು ಪೂರ್ತಿ ನೆಲಮುಖವಾಗಿ ಹಿಡಿಯುವುದರಿಂದ ಮುಂಗೈಯ ಎರಡು ಮೂಳೆಗಳು ಒಂದರ ಮೇಲೊಂದು ಹೊರಳುತ್ತವೆ. ಮಣೆ ಎತ್ತರದಲ್ಲಿದ್ದರೆ ಮಣಿಕಟ್ಟು ಹಿಂದಕ್ಕೂ ಮಡಚಿಕೊಳ್ಳುತ್ತದೆ. ಹೀಗೆ ಮುಂಗೈ, ಮಣಿಕಟ್ಟುಗಳಲ್ಲಿ ಮೂರು ಬಗೆಯ ಬಾಗು-ಹೊರಳು ಸೇರುತ್ತವೆ.

ಇದರ ಮೂಲ ಹಳೆಯದು. ಕ್ರಿಸ್ಟೋಫರ್ ಷೋಲ್ಸ್ ಮತ್ತು ಸಂಗಡಿಗರು ಅಮೆರಿಕದ ಮಿಲ್ವಾಕೀ ನಗರದಲ್ಲಿ ಬೆರಳಚ್ಚು ಯಂತ್ರ ರೂಪಿಸಿ 1868ರಲ್ಲಿ ಪೇಟೆಂಟ್ ಪಡೆದರು. ರೆಮಿಂಗ್ಟನ್ ಕಂಪನಿ 1874ರಲ್ಲಿ ಅದನ್ನು ಮಾರಾಟಕ್ಕೆ ತಂದಿತು. ಕೀಲಿಗಳು ಹೇಗಿರಬೇಕೆಂಬುದನ್ನು ಆ ಯಂತ್ರದ ಸನ್ನೆಗಳು ಬಹುಮಟ್ಟಿಗೆ ನಿರ್ಧರಿಸಿದವು. ಸನ್ನೆಗಳು ಮಾಯವಾದರೂ ಸಾಲುಗಳು ಉಳಿದವು. ಮಣೆಯನ್ನು ಸೀಳುವ ಸಲಹೆಯೂ ಹೊಸದಲ್ಲ: ಜರ್ಮನಿಯ ಕ್ಲಾಕೆನ್‌ಬರ್ಗ್ 1926ರಲ್ಲೇ ಅದನ್ನು ಮುಂದಿಟ್ಟಿದ್ದರು. ಕಾರ್ಲ್ ಕ್ರೋಮರ್ 1972ರಲ್ಲಿ ಅದರ ಪ್ರಯೋಗ ವಿವರಗಳನ್ನು ಪ್ರಕಟಿಸಿದರು. 1994ರಲ್ಲಿ ಮೈಕ್ರೋಸಾಫ್ಟ್ 'ನ್ಯಾಚುರಲ್ ಕೀಬೋರ್ಡ್' ತಂದ ಮೇಲೆ ಅದು ಸಾಮಾನ್ಯ ಬಳಕೆದಾರರ ಕೈಗೆ ಬಂತು.

ಸಿದ್ಧವಾದದ್ದು

ಕೋನದ ಮಟ್ಟಿಗೆ ಸೀಳು ಮಣೆಯ ವಾದ ಗಟ್ಟಿಯಾಗಿದೆ. ಮಿಲ್ವಾಕೀ ನಗರದ್ದೇ ಆದ ಮಾರ್ಕೆಟ್ ವಿಶ್ವವಿದ್ಯಾಲಯದ ಸಂಶೋಧಕರು ಅನುಭವಿ ಕಚೇರಿ ನೌಕರರ ಮಣಿಕಟ್ಟುಗಳ ಬಾಗನ್ನು ಅಳೆದು 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಮಾನ್ಯ ಮಣೆಯಲ್ಲಿ ಕಿರುಬೆರಳಿನ ಕಡೆಗಿನ ಬಾಗು ಸರಾಸರಿ 12 ಡಿಗ್ರಿ ಇತ್ತು. ಸೀಳು ಮಣೆಯಲ್ಲಿ ಅದು ನೇರ ಸ್ಥಿತಿಯಿಂದ 5 ಡಿಗ್ರಿಯೊಳಗೆ ಬಂತು. ನಮ್ಮ ಲೆಕ್ಕದ 20 ಡಿಗ್ರಿಗಿಂತ 12 ಕಡಿಮೆಯಾಗಿರುವುದಕ್ಕೆ ಕಾರಣವನ್ನು ನೀವೇ ಊಹಿಸಬಹುದು: ಮೊಣಕೈ, ಬೆರಳುಗಳೂ ಸ್ವಲ್ಪ ಹೊಂದಿಕೊಳ್ಳುತ್ತವೆ. ಮಣೆಯ ನಡುಭಾಗವನ್ನು ಗುಡಾರದಂತೆ ಎತ್ತರಿಸಿದರೆ ಮುಂಗೈಯ ಹೊರಳೂ ತಗ್ಗುತ್ತದೆ.

ಸಿದ್ಧವಾಗದ್ದು

ಕೋನ ಸರಿಹೋದರೆ ರೋಗ ಬರುವುದಿಲ್ಲ ಎನ್ನಬಹುದೇ? ಇಲ್ಲಿ ಎಚ್ಚರ ಬೇಕು. ಮಣಿಕಟ್ಟಿನಲ್ಲಿ ಮೂಳೆಗಳೂ ಒಂದು ಗಟ್ಟಿ ಅಸ್ಥಿರಜ್ಜುವೂ ಸೇರಿ ಆದ ಕಿರಿದಾದ ಸುರಂಗವಿದೆ. ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳೂ ಮೀಡಿಯನ್ ನರವೂ ಅದರೊಳಗೆ ಹಾಯುತ್ತವೆ. ಆ ನರ ಅದುಮಿದಾಗ ಕಾಣಿಸುವುದೇ ಕಾರ್ಪಲ್ ಟನೆಲ್ ತೊಂದರೆ. ಮಣಿಕಟ್ಟು ಹಿಂದಕ್ಕೆ ಮಡಚಿದಂತೆ ಸುರಂಗದ ಒತ್ತಡ ಏರುತ್ತದೆ ಎಂಬುದು ನಿಜ. ಆದರೆ ಅಲ್ಲಿಂದ 'ಈ ಮಣೆ ಕೊಂಡರೆ ತೊಂದರೆ ತಪ್ಪುತ್ತದೆ' ಎಂಬ ತೀರ್ಮಾನಕ್ಕೆ ಹೋಗಲು ಇನ್ನಷ್ಟು ಪುರಾವೆ ಬೇಕು.

ಕೈನೋವಿದ್ದ 80 ಮಂದಿ ಗಣಕ ಬಳಕೆದಾರರನ್ನು ನಾಲ್ಕು ಗುಂಪು ಮಾಡಿ, ಮೂರು ಬಗೆಯ ಹೊಸ ಮಣೆಗಳನ್ನೂ ಹೋಲಿಕೆಗೆ ಒಂದು ಸಾಮಾನ್ಯ ಮಣೆಯನ್ನೂ ಆರು ತಿಂಗಳು ಬಳಸಲು ಕೊಟ್ಟ ಅಮೆರಿಕದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಓರೆ ಸೀಳಿನ ಒಂದು ಮಾದರಿ ಬಳಸಿದವರಲ್ಲಿ ನೋವು ಇಳಿಯಿತು. ಆದರೆ ವೈದ್ಯಕೀಯ ತಪಾಸಣೆಯ ಲಕ್ಷಣಗಳಲ್ಲಿ ಅದಕ್ಕೆ ತಕ್ಕ ಸುಧಾರಣೆ ಕಾಣಲಿಲ್ಲ. ಮಣೆಯನ್ನು ಹೆಚ್ಚು ಮೆಚ್ಚಿಕೊಂಡವರಲ್ಲೇ ನೋವು ಹೆಚ್ಚು ಇಳಿದಿತ್ತು. ಮೆಚ್ಚುಗೆಯಿಂದ ನೋವು ಇಳಿಯಿತೋ, ನೋವು ಇಳಿದದ್ದರಿಂದ ಮೆಚ್ಚುಗೆ ಬಂತೋ ಎಂಬ ಪ್ರಶ್ನೆಯನ್ನು ತರಗತಿಯಲ್ಲಿ ಚರ್ಚಿಸಿ. ಸಹಸಂಬಂಧಕ್ಕೂ ಕಾರಣಕ್ಕೂ ಇರುವ ವ್ಯತ್ಯಾಸಕ್ಕೆ ಒಳ್ಳೆಯ ಉದಾಹರಣೆ ಇದು. ಕಾರ್ಪಲ್ ಟನೆಲ್ ಚಿಕಿತ್ಸೆಯಲ್ಲಿ ಇಂಥ ಉಪಕರಣಗಳ ಪಾತ್ರವನ್ನು 2012ರ ಕಾಕ್ರೇನ್ ವಿಮರ್ಶೆ ಪರಿಶೀಲಿಸಿತು. ಅದಕ್ಕೆ ಸಿಕ್ಕ ಪ್ರಯೋಗಗಳು ಎರಡೇ, ಪಾಲ್ಗೊಂಡವರು ಒಟ್ಟು 105 ಮಂದಿ. ಲಾಭ ಇದೆ ಎನ್ನಲೂ ಇಲ್ಲ ಎನ್ನಲೂ ಪುರಾವೆ ಸಾಲದು ಎಂಬುದೇ ಅದರ ತೀರ್ಮಾನ.

2003ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ದೊಡ್ಡ ಸಮೀಕ್ಷೆಯೊಂದು ಇನ್ನೂ ಕುತೂಹಲಕರ. ವಾರಕ್ಕೆ 20 ಗಂಟೆಗೂ ಹೆಚ್ಚು ಮೌಸ್ ಹಿಡಿದವರಲ್ಲಿ ಕಾರ್ಪಲ್ ಟನೆಲ್ ಲಕ್ಷಣಗಳ ಸಂಬಂಧ ಕಂಡಿತು. ಕೀಲಿಮಣೆಯ ಬಳಕೆಯೊಂದಿಗೆ ಅಂಥ ಸ್ಪಷ್ಟ ಸಂಬಂಧ ಕಾಣಲಿಲ್ಲ.

ವಿನ್ಯಾಸದ ಕೊರತೆಗಳು

ಈ ಹಿನ್ನೆಲೆಯಲ್ಲಿ ಅನೇಕ ಸೀಳು ಮಣೆಗಳ ಬಲತುದಿಯನ್ನು ನೋಡಿ. ಅಂಕಿಗಳ ಗುಂಪೂ ಬಾಣದ ಗುರುತಿನ ಕೀಲಿಗಳೂ ಅಲ್ಲೇ ಉಳಿದಿರುತ್ತವೆ. ಅವೆರಡು ಸೇರಿ ಸುಮಾರು 14 ಸೆಂ.ಮೀ. ಅಗಲ. ಮೌಸ್ ಅಷ್ಟು ದೂರ ಸರಿಯುತ್ತದೆ. ಸೀಳಿನ ಅಗಲವೂ ಅದಕ್ಕೆ ಸೇರುತ್ತದೆ. ಮಣಿಕಟ್ಟಿಗೆ ಕೊಟ್ಟ ನೆಮ್ಮದಿಯನ್ನು ಬಲಭುಜದಿಂದ ವಸೂಲು ಮಾಡಿದಂತಾಯಿತು. ಅಂಕಿ ಕೀಲಿಗಳಿಲ್ಲದ ಮಾದರಿಯೇ ಲೇಸು.

ಎರಡನೆಯದಾಗಿ, ಒಂದೇ ಹಲಗೆಯ ಮಾದರಿಗಳಲ್ಲಿ ಕೋನ ಸ್ಥಿರ. ಎಲ್ಲರ ಭುಜದ ಅಗಲ ಒಂದೇ ಅಲ್ಲ. ಹಲವರು ಹಂಚಿಕೊಳ್ಳುವ ಗಣಕ ಕೊಠಡಿಯಲ್ಲಂತೂ ಇದು ದೊಡ್ಡ ಕೊರತೆ. ಮೂರನೆಯದಾಗಿ, ಹತ್ತು ಬೆರಳಿನ ಬೆರಳಚ್ಚು ಬಲ್ಲವರಿಗೇ ಈ ಮಣೆಯ ಲಾಭ ಸಿಗುವುದು. ಕೀಲಿ ಹುಡುಕಿ ಎರಡು ಬೆರಳಲ್ಲಿ ಒತ್ತುವವರ ಕೈ ಒಂದೆಡೆ ನಿಲ್ಲುವುದೇ ಇಲ್ಲ.

ಕನ್ನಡ ಬೆರಳಚ್ಚಿಗೆ?

ನುಡಿ ತಂತ್ರಾಂಶದ ಮೂಲಕ ನಮಗೆ ಪರಿಚಿತವಾದ, ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಕ್ರಮದಲ್ಲಿ ಮಹಾಪ್ರಾಣಗಳಿಗೂ ಹಲವು ದೀರ್ಘಸ್ವರಗಳಿಗೂ ಳ, ಣ, ಶ ಅಕ್ಷರಗಳಿಗೂ ಶಿಫ್ಟ್ ಕೀಲಿ ಬೇಕು. 'ಬೇಳೆ' ಎಂದು ಬರೆಯಲು ನಾಲ್ಕು ಕೀಲಿ ಒತ್ತಬೇಕು. ಅವುಗಳಲ್ಲಿ ಎರಡಕ್ಕೆ ಶಿಫ್ಟ್ ಜೊತೆಯಾಗಬೇಕು. 'ಶಾಲೆ'ಗೂ ಅಷ್ಟೇ. ಇಂಗ್ಲಿಷಿನಲ್ಲಿ ವಾಕ್ಯದ ಮೊದಲಿಗೋ ಹೆಸರಿನ ಮೊದಲಿಗೋ ಬರುವ ಶಿಫ್ಟ್ ನಮಗೆ ಪದಪದಕ್ಕೂ ಬರುತ್ತದೆ. ಅದನ್ನು ಅದುಮಿ ಹಿಡಿಯುವುದು ಬಲಹೀನವಾದ ಕಿರುಬೆರಳು. ಒತ್ತಕ್ಷರಕ್ಕೆ ಬೇಕಾದ ಎಫ್ ಕೀಲಿ ಎಡ ತೋರುಬೆರಳಿನ ಪಾಲು. ಮಣೆಯನ್ನು ಸೀಳಿದ ಮಾತ್ರಕ್ಕೆ ಈ ಯಾವ ಹೊರೆಯೂ ಇಳಿಯುವುದಿಲ್ಲ. ಹೆಬ್ಬೆರಳಿಗೆ ಹಲವು ಕೀಲಿ ಕೊಟ್ಟು, ಶಿಫ್ಟನ್ನು ಅಲ್ಲಿಗೆ ಸರಿಸಲು ಅವಕಾಶವಿರುವ ಮಾದರಿಗಳು ಮಾತ್ರ ಕನ್ನಡಿಗರಿಗೆ ನಿಜವಾದ ನೆರವು. ಕನ್ನಡದಲ್ಲಿ ಹೆಚ್ಚು ಬರೆಯುವವರು ಕೊಳ್ಳುವ ಮುನ್ನ ಇದನ್ನೇ ಮೊದಲು ವಿಚಾರಿಸಬೇಕು.

ಹಾಗಾದರೆ ಏನು ಮಾಡಬೇಕು?

ಮೊದಲು ಖರ್ಚಿಲ್ಲದ ಕ್ರಮಗಳು. ಮಣೆಯ ಹಿಂಬದಿಯ ಮಡಿಸುಕಾಲುಗಳನ್ನು ಮುಚ್ಚಿಬಿಡಿ. ಅವು ಮಣಿಕಟ್ಟನ್ನು ಹಿಂದಕ್ಕೆ ಮಡಚುತ್ತವೆ. ಕೀಲಿಗಳು ಮೊಣಕೈಯ ಮಟ್ಟದಲ್ಲೋ ತುಸು ಕೆಳಗೋ ಇರಲಿ. ಮೇಜು ಎತ್ತರವಾಗಿದ್ದರೆ ಕುರ್ಚಿ ಏರಿಸಿ. ಕಾಲು ನೆಲಕ್ಕೆ ತಾಗದ ಮಕ್ಕಳಿಗೆ ಒಂದು ಮಣೆಯನ್ನೋ ಪೆಟ್ಟಿಗೆಯನ್ನೋ ಇಡಿ. ಅಂಗೈಯ ಆಸರೆಪಟ್ಟಿ ಇರುವುದು ಒತ್ತುವಿಕೆಯ ನಡುವಿನ ವಿರಾಮಕ್ಕೆ. ಮಣಿಕಟ್ಟನ್ನು ಅದಕ್ಕೆ ಊರಿಕೊಂಡು ಬೆರಳಚ್ಚಿಸಬೇಡಿ. ಅರ್ಧ ಗಂಟೆಗೊಮ್ಮೆ ಎದ್ದು ಕೈ ಕೊಡವಿ.

ಇಷ್ಟಾದ ಮೇಲೂ ಮಣಿಕಟ್ಟಿನ ಪಕ್ಕ ನೋಯುತ್ತಿದ್ದು, ನೀವು ಹತ್ತು ಬೆರಳಲ್ಲಿ ದಿನವೂ ಗಂಟೆಗಟ್ಟಲೆ ಬರೆಯುವವರಾದರೆ, ಎರಡು ತುಂಡಿನ, ಅಂತರವನ್ನು ಬೇಕಾದಂತೆ ಹೊಂದಿಸಬಹುದಾದ ಮಣೆ ಪ್ರಯತ್ನಕ್ಕೆ ಯೋಗ್ಯ. ರೂಢಿಯಾಗಲು ಕೆಲವು ವಾರ ಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಹಿಡಿಯುತ್ತಿದ್ದರೆ, ಅದರಲ್ಲೂ ರಾತ್ರಿ ಎಚ್ಚರವಾಗುವಷ್ಟಿದ್ದರೆ, ಅಂಗಡಿಗೆ ಹೋಗುವ ಮೊದಲು ವೈದ್ಯರಲ್ಲಿಗೆ ಹೋಗಿ. ಶಾಲೆಯ ಗಣಕ ಕೊಠಡಿಗಾದರೆ ನಮ್ಮ ಸಲಹೆ ಸರಳ: ಇಂಥ ಮಣೆಗಳಿಗೆ ಮೀಸಲಿಟ್ಟ ಹಣವನ್ನು ಎತ್ತರ ಹೊಂದಿಸಬಹುದಾದ ಕುರ್ಚಿಗಳಿಗೆ ಬಳಸಿ, ಮಕ್ಕಳಿಗೆ ಹತ್ತು ಬೆರಳಿನ ಬೆರಳಚ್ಚು ಕಲಿಸಿ.