ಮೂರನೇ ಸ್ಥಾನದ ಹಿಂದಿನ ಲೆಕ್ಕ

ಕೇಂದ್ರ ಸರ್ಕಾರ 2021ರ ಮಾರ್ಚ್‌ನಲ್ಲಿ ಹೊರತಂದ ಸುಗಮ ಜೀವನ ಸೂಚ್ಯಂಕದಲ್ಲಿ, ಹತ್ತು ಲಕ್ಷಕ್ಕಿಂತ ಕಡಿಮೆ ಜನರಿರುವ ನಗರಗಳ ಪೈಕಿ ದಾವಣಗೆರೆಗೆ 9ನೇ ಸ್ಥಾನ ಸಿಕ್ಕಿತು. ನಾಗರಿಕರ ಅಭಿಪ್ರಾಯ ಸಮೀಕ್ಷೆಯಲ್ಲಂತೂ ಭುವನೇಶ್ವರ, ಸಿಲ್ವಾಸಾ ಆದಮೇಲೆ ನಮ್ಮೂರೇ. ಒಟ್ಟು ಅಂಕದಲ್ಲಿ ಈ ಅಭಿಪ್ರಾಯದ ಪಾಲು ಶೇ 30. ಹೀಗಾಗಿ ‘ದಾವಣಗೆರೆ ಮಂದಿ ಖುಷಿಯಾಗಿದ್ದಾರೆ’ ಎಂಬ ಮಾತು ಸಲೀಸಾಗಿ ಹುಟ್ಟಿಕೊಳ್ಳುತ್ತದೆ.

ಇಂಥ ಮಾತನ್ನು ಒರೆಗೆ ಹಚ್ಚಲು ಸಂಖ್ಯಾಶಾಸ್ತ್ರದ ಮೇಷ್ಟ್ರುಗಳು ಮೊದಲು ಕಲಿಸುವುದು ದ್ವಿಪದ ವಿತರಣೆ, ಅಂದರೆ ಇಷ್ಟು ಜನರಲ್ಲಿ ಇಷ್ಟು ‘ಹೌದು’ ಬರುವ ಸಂಭವದ ಲೆಕ್ಕ. ಶೇ 60 ಜನ ತೃಪ್ತರು ಎಂದು ಯಾರೋ ಹೇಳಿದರು ಅನ್ನಿ. ಇಪ್ಪತ್ತು ಜನರನ್ನು ಕೇಳಿದರೆ ಹನ್ನೆರಡರ ಆಸುಪಾಸು ‘ಹೌದು’ ಬರಬೇಕು, ಬಂದದ್ದು ಎಂಟು. ಆ ಹೇಳಿಕೆ ನಿಜವಾಗಿದ್ದೂ ಎಂಟು ಅಥವಾ ಇನ್ನೂ ಕಡಿಮೆ ಬರುವ ಸಂಭವ ಶೇ 5.65. ಏಳೇ ಬಂದಿದ್ದರೆ ಶೇ 2.1. ರೂಢಿಯ ಗೆರೆ ಶೇ 5; ಸಂಭವ ಅದಕ್ಕಿಂತ ಕೆಳಗಿಳಿದರೆ ಹೇಳಿಕೆಯನ್ನು ತಳ್ಳಿಹಾಕುತ್ತಾರೆ. ಅಂದರೆ ಒಬ್ಬನ ಬಾಯಿಂದ ಬಂದ ಒಂದು ‘ಹೌದು’ ಹೇಳಿಕೆಯನ್ನು ಉಳಿಸುತ್ತದೆ, ಒಂದು ‘ಇಲ್ಲ’ ಕೆಡವುತ್ತದೆ. ಆ ಗೆರೆಗೆ ಇಷ್ಟು ಮರ್ಯಾದೆ ಯಾಕೋ!

ಆದರೂ ಈ ವಿಧಾನವನ್ನು ನಾನು ಮೆಚ್ಚುತ್ತೇನೆ. ಬಾಯಿಮಾತಿಗೆ ಅದು ಲೆಕ್ಕ ಕೇಳುತ್ತದೆ, ‘ಅದೃಷ್ಟವಶಾತ್ ಹೀಗಾಗಿರಬಹುದೇ’ ಎಂಬ ಒಂದು ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡುತ್ತದೆ. ತಕರಾರಿರುವುದು ಅದರ ಷರತ್ತಿನಲ್ಲಿ: ಪ್ರತಿಯೊಬ್ಬರ ಉತ್ತರವೂ ಸ್ವತಂತ್ರವಾಗಿರಬೇಕು. ಬೆಣ್ಣೆ ದೋಸೆ ಹೋಟೆಲಿನಲ್ಲಿ ಐದು ಟೇಬಲ್‌ಗಳ ಇಪ್ಪತ್ತು ಜನರನ್ನು ಕೇಳಿ ನೋಡಿ. ಒಬ್ಬ ಗೆಳೆಯ ಅಂದದ್ದಕ್ಕೆ ಉಳಿದ ಮೂವರು ತಲೆಯಾಡಿಸಿದರೆ, ಇರುವುದು ಐದೇ ಅಭಿಪ್ರಾಯ. ಎಂಟು ‘ಹೌದು’ ಅಂದರೆ ಎರಡು ಟೇಬಲ್; ಐದರಲ್ಲಿ ಎರಡು ಅಥವಾ ಅದಕ್ಕಿಂತ ಕಡಿಮೆ ‘ಹೌದು’ ಬರುವ ಸಂಭವ ಸುಮಾರು ಶೇ 32. ಎಂಟು ‘ಹೌದು’ ಅವೇ. ಹೇಳಿಕೆಯ ಮೇಲಿದ್ದ ಅನುಮಾನ ಮಾತ್ರ ಕರಗಿಹೋಯಿತು.

ಸಂಖ್ಯೆ ಹೆಚ್ಚಿದರೆ ಸರಿಹೋಗುತ್ತದೆಯೇ? 2020ರ ಜನವರಿ 16ರಿಂದ ಮಾರ್ಚ್ 20ರವರೆಗೆ 111 ನಗರಗಳ 32.2 ಲಕ್ಷ ಜನ ಈ ಸಮೀಕ್ಷೆಯಲ್ಲಿ ಪಾಲ್ಗೊಂಡರು. ಸರಾಸರಿ ನಗರಕ್ಕೆ 29,000. ಅಷ್ಟು ಮಂದಿಯಲ್ಲಿ ಅದೃಷ್ಟದ ಏರುಪೇರು ಶೇ 1ನ್ನೂ ಮುಟ್ಟುವುದಿಲ್ಲ. ಆದರೆ ಆನ್‌ಲೈನ್‌ನಲ್ಲಿ ತಾವಾಗಿ ಉತ್ತರಿಸಿದವರು ಯಾರು, ಮೊಬೈಲ್ ಮುಟ್ಟದವರು ಎಷ್ಟು ಎಂಬುದು ದ್ವಿಪದದ ಸೂತ್ರದೊಳಗೆ ಬರುವುದೇ ಇಲ್ಲ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಉತ್ತರ ಕೂಡಿಹಾಕಿಯೂ ರೂಸ್‌ವೆಲ್ಟ್ ಅಧ್ಯಕ್ಷೀಯ ಚುನಾವಣೆಯಲ್ಲಿ ಸೋಲುತ್ತಾರೆಂದಿತ್ತು. ಅವರು ಭರ್ಜರಿಯಾಗಿ ಗೆದ್ದರು.

ಇನ್ನು ಪಕ್ಕದ ಹರಿಹರ. ಆ 111ರಲ್ಲಿ ಅದರ ಹೆಸರಿಲ್ಲ. ಅಲ್ಲಿಂದ ದಿನಾ ಬಸ್ಸು ಹತ್ತಿ ದಾವಣಗೆರೆಯ ಕಾಲೇಜು, ಆಸ್ಪತ್ರೆ, ಅಂಗಡಿಗಳಿಗೆ ಬರುವವರು ಈ ನಗರದ ರಸ್ತೆ, ಧೂಳು ಎಲ್ಲವನ್ನೂ ಉಣ್ಣುತ್ತಾರೆ, ಲೆಕ್ಕದಲ್ಲಿ ಮಾತ್ರ ಹೊರಗಿನವರು. ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದ ಊರಿನವರನ್ನು ಕೆಲಸದ ಬಗ್ಗೆ ಕೇಳಿದ್ದರೆ ಅಂಕ ಏರುತ್ತಿತ್ತೋ ಇಳಿಯುತ್ತಿತ್ತೋ, ಯಾವ ಸಂಭವನೀಯತೆಯ ಕೋಷ್ಟಕವೂ ಹೇಳಲಾರದು, ಕೇಳಿಯೇ ತಿಳಿಯಬೇಕು.