ಹೋಗುವಾಗ ತೆಂಗಿನಕಾಯಿ, ಬರುವಾಗ ಜೀನಸು

ಪುತ್ತೂರು, ಸುಳ್ಯ, ಕಡಬದ ಕಡೆ ಪೇಟೆಯಿಂದ ಸಾಮಾನು ತರಲೆಂದು ಸೈಕಲ್ ಕೊಳ್ಳುವವರು ಗೇರುಗಳನ್ನು ಎಣಿಸುತ್ತಾ ಕೂರುತ್ತಾರೆ. ಅಂಗಡಿಯವರೂ "ಇಪ್ಪತ್ತೊಂದು ಗೇರು ಉಂಟು" ಎಂದೇ ಮಾತು ಶುರು ಮಾಡುತ್ತಾರೆ. ನಾನು ಮೊದಲು ನೋಡುವುದು ಬ್ರೇಕನ್ನು. ಅದಕ್ಕೆ ಕಾರಣ ನಮ್ಮ ನೆಲ. ಅಡಿಕೆ ತೋಟ ಇರುವುದು ತಗ್ಗಿನಲ್ಲಿ, ನೀರಿನ ಬದಿಗೆ. ಮನೆ ತೋಟದ ಒತ್ತಿನಲ್ಲಿ. ಡಾಮರು ರಸ್ತೆ, ಬಸ್ಸು, ಅಂಗಡಿ ಎಲ್ಲ ಗುಡ್ಡೆಯ ಮೇಲೆ. ಹಾಗಾಗಿ ಖಾಲಿ ಚೀಲ ಏರು ಹತ್ತುತ್ತದೆ, ತುಂಬಿದ ಚೀಲ ಇಳಿಯುತ್ತದೆ. ಏರಿನಲ್ಲಿ ಸುಸ್ತಾದರೆ ಇಳಿದು ತಳ್ಳಿದರಾಯಿತು. ಇಳಿಜಾರಿನಲ್ಲಿ, ಹತ್ತು ಕಿಲೋ ಕುಚ್ಚಲಕ್ಕಿ ಹಿಂದಿನಿಂದ ದೂಡುತ್ತಿರುವಾಗ ಬ್ರೇಕ್ ಹಿಡಿಯದಿದ್ದರೆ ತೋಟದ ಕಣಿಯೇ ಗತಿ.

ಈ ವಾರದ ಮಾತು ರಿಕಂಬೆಂಟ್ ಸೈಕಲಿನದು. ಚಾವಡಿಯ ಆರಾಮ ಕುರ್ಚಿಗೆ ಗಾಲಿ ಇಟ್ಟ ಹಾಗಿರುವ ಈ ಸೈಕಲಿನಲ್ಲಿ ಬೆನ್ನು ಒರಗಿಸಿ, ಕಾಲು ಮುಂದಕ್ಕೆ ಚಾಚಿ ತುಳಿಯುತ್ತಾರೆ. ಎರಡು ಗಾಲಿಯದ್ದೂ ಉಂಟು, ಮೂರು ಗಾಲಿಯದ್ದೂ ಉಂಟು. ನನ್ನ ಕೊಟ್ಟಿಗೆಯಲ್ಲಿರುವುದಕ್ಕೆ ಮುಂದೆ ಎರಡು ಗಾಲಿ, ಹಿಂದೆ ಒಂದು. ಹೊರದೇಶದಿಂದ ಊರಿಗೆ ಮರಳಿದ ನೆಂಟರೊಬ್ಬರು ತಂದದ್ದು. ಕಾರು ಕೊಂಡ ಮೇಲೆ "ಇನ್ನು ನೀನೇ ಓಡಿಸು ಮಾರಾಯ" ಎಂದು ನನಗೆ ದಾಟಿಸಿದರು. ಕುಂಬ್ರದ ಪೇಟೆಗೆ ಜೀನಸು ತರಲು ಈಗ ಇದೇ ವಾಹನ.

ಇದೇನು ಹೊಸ ಕಸರತ್ತಲ್ಲ. ಫ್ರಾನ್ಸಿನ ಶಾರ್ಲ್ ಮೋಶೆ ಎಂಬಾತ ಮಗನಿಗೆಂದು ತುಳಿಯುವ ಪುಟ್ಟ ಕಾರು ಮಾಡಿಕೊಟ್ಟ. ಅದನ್ನು ಕಂಡು ದೊಡ್ಡವರೂ ಕೇಳತೊಡಗಿದಾಗ ಇಬ್ಬರು ಕೂರುವ, ನಾಲ್ಕು ಗಾಲಿಯ ವೆಲೋಕಾರ್ ತಯಾರಿಸಿ ಮಾರಿದ. ಆಮೇಲೆ ಎರಡೇ ಗಾಲಿಯದ್ದೂ ಬಂತು. 1933ರ ಜುಲೈ 7ರಂದು ಪ್ಯಾರಿಸಿನಲ್ಲಿ ಫ್ರಾನ್ಸಿಸ್ ಫೋರ್ ಅದರ ಮೇಲೆ ಒಂದು ತಾಸಿನಲ್ಲಿ 45.055 ಕಿ.ಮೀ. ಓಡಿಸಿ, 1914ರಿಂದ ಅಲುಗದಿದ್ದ 44.247 ಕಿ.ಮೀ. ದಾಖಲೆಯನ್ನು ಮುರಿದ. ಫೋರ್ ಅಂಥ ದೊಡ್ಡ ಸವಾರನೇನಲ್ಲ. ಸಾಧನೆ ಸೈಕಲಿನದೇ ಎಂದು ಎಲ್ಲರಿಗೂ ಗೊತ್ತಾಯಿತು. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಮರುವರ್ಷ ಸೈಕಲ್ ಅಂದರೆ ಏನೆಂದು ಹೊಸದಾಗಿ ನಿಯಮ ಬರೆದು ಇದನ್ನು ಪಂದ್ಯದಿಂದ ಹೊರಗೆ ಹಾಕಿತು. ಪಂದ್ಯದಲ್ಲಿಲ್ಲದ ಸೈಕಲನ್ನು ಮಾಡುವವರೂ ಕಡಿಮೆ, ಕೊಳ್ಳುವವರೂ ಕಡಿಮೆ. ಇಲ್ಲದಿದ್ದರೆ ನಮ್ಮ ಅಪ್ಪಂದಿರ ಕಾಲದ ಬಾಡಿಗೆ ಸೈಕಲ್ ಅಂಗಡಿಯಲ್ಲೂ ಇಂಥದ್ದೊಂದು ಗೋಡೆಗೆ ಒರಗಿರುತ್ತಿತ್ತೋ ಏನೋ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲು ಸಿಗದಾಗ ಫ್ರಾನ್ಸಿನ ಜನ ಮತ್ತೆ ವೆಲೋಕಾರನ್ನೇ ಹುಡುಕಿಕೊಂಡು ಹೋದರು. ಪಂದ್ಯದ ದಾಖಲೆಗಿಂತ ನನಗೆ ಹಿಡಿಸಿದ್ದು ಈ ಮನೆಬಳಕೆಯ ಕತೆ.

ವೇಗದ ಆಸೆಯಿಂದ ಇದನ್ನು ನಮ್ಮೂರಿಗೆ ತರುವವರು ನಿರಾಶರಾಗುತ್ತಾರೆ. ಒರಗಿ ಕೂತರೆ ಗಾಳಿಯ ತಡೆ ಕಡಿಮೆ, ನಿಜ. ಆ ಲಾಭ ಕಾಣುವುದು ಬಯಲಿನಲ್ಲಿ, ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ದಾಟಿದ ಮೇಲೆ. ತೋಟದಿಂದ ರಸ್ತೆಗೆ ಹತ್ತುವವನಿಗೆ ಎಲ್ಲಿಯ ಗಾಳಿ! ಅಲ್ಲಿ ಭಾರದ್ದೇ ಲೆಕ್ಕ, ಮತ್ತು ಮೂರು ಗಾಲಿಯದ್ದು ಮಾಮೂಲಿ ಸೈಕಲಿಗಿಂತ ಭಾರವೇ. ಪೆಡಲಿನ ಮೇಲೆ ಎದ್ದು ನಿಂತು ಮೈಭಾರ ಹಾಕಿ ತುಳಿಯುವ ನಮ್ಮ ಹಳೆಯ ಉಪಾಯವೂ ಇಲ್ಲಿ ನಡೆಯದು. ಗೇರು ತೀರಾ ಕೆಳಕ್ಕಿಳಿಸಿ, ನಡೆಯುವವನ ವೇಗದಲ್ಲಿ ಕಾಲು ತಿರುಗಿಸುತ್ತಾ ಇರಬೇಕು. ಎರಡು ಗಾಲಿಯ ರಿಕಂಬೆಂಟ್ ಈ ವೇಗದಲ್ಲಿ ಓಲಾಡುತ್ತದೆ, ಮೂರು ಗಾಲಿಯದ್ದು ಬೀಳುವುದಿಲ್ಲ. ಬೇಕಾದರೆ ಏರಿನ ನಡುವೆ ಬ್ರೇಕ್ ಹಿಡಿದು ನಿಲ್ಲಿಸಿ, ಕಾಲು ಕೆಳಗಿಡದೆ, ಎದುರು ಬಂದ ನೆರೆಯವರ ಹತ್ತಿರ ಅಡಿಕೆಯ ದರ ಮಾತಾಡಬಹುದು.

ತಾಪತ್ರಯ ಇರುವುದು ಪಾಚಿಯಲ್ಲಿ. ಮನೆಮನೆಗೆ ಇಳಿಯುವ ಕಾಂಕ್ರೀಟ್ ರಸ್ತೆಗಳು ಮರದ ನೆರಳಿನಲ್ಲಿ ಜೂನ್ ಕಳೆಯುವುದರೊಳಗೆ ಹಸಿರಾಗುತ್ತವೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಬೇರೇನಾದೀತು? ಈ ಸೈಕಲಿನಲ್ಲಿ ಎಳೆಯುವುದು ಹಿಂದಿನ ಗಾಲಿ ಒಂದೇ. ಖಾಲಿ ಚೀಲ ಹೊತ್ತು ಏರುವಾಗ ಅದರ ಮೇಲೆ ಭಾರ ಸಾಲದೆ, ಪಾಚಿಯ ಮೇಲೆ ಗಾಲಿ ಗರ್ರನೆ ತಿರುಗಿ ಸೈಕಲ್ ನಿಂತಲ್ಲೇ ನಿಲ್ಲುತ್ತದೆ. ಇದಕ್ಕೆ ಮದ್ದು ತೆಂಗಿನಕಾಯಿ. ಹಿಂದಿನ ಗಾಲಿಯ ಎರಡೂ ಬದಿಯ ಚೀಲಗಳಿಗೆ ಸುಲಿದ ಕಾಯಿಗಳನ್ನು ಸಮ ಮಾಡಿ ತುಂಬಿದರೆ ಗಾಲಿ ನೆಲ ಕಚ್ಚುತ್ತದೆ. ಭಾರ ಹೆಚ್ಚಿಸಿಕೊಂಡು ಏರು ಹತ್ತುವುದು ಕೇಳುವುದಕ್ಕೆ ವಿಚಿತ್ರ, ಆದರೆ ಹತ್ತುವುದು ಹಾಗೆಯೇ. ಮೇಲಿನ ಅಂಗಡಿಯಲ್ಲಿ ಕಾಯಿ ತೂಗಿಸಿ, ಅದೇ ಚೀಲಕ್ಕೆ ಅಕ್ಕಿ, ಬೆಲ್ಲ, ತೊಗರಿಬೇಳೆ ಹಾಕಿಸಿಕೊಂಡು ಬರುವುದು. ನಮ್ಮ ಹಿರಿಯರು ತಲೆಹೊರೆಯಲ್ಲಿ ಕಾಯಿ, ಕಾಳುಮೆಣಸು ಕೊಂಡುಹೋಗಿ ಉಪ್ಪು, ಮೆಣಸು, ಬೆಲ್ಲ ತಂದದ್ದು ಇದೇ ದಾರಿಯಲ್ಲಿ.

ಇಳಿಯುವಾಗ ಈ ಸೈಕಲಿನ ನಿಜವಾದ ಗುಣ ಗೊತ್ತಾಗುತ್ತದೆ. ಮಾಮೂಲಿ ಸೈಕಲಿನ ರಬ್ಬರ್ ಬ್ರೇಕು ಒದ್ದೆಯಾದರೆ ಮೊದಲು ರಿಮ್ಮಿನ ನೀರನ್ನು ಒರೆಸಬೇಕು, ಆಮೇಲೆ ಹಿಡಿಯಬೇಕು. ಅಷ್ಟರಲ್ಲಿ ಗಾಲಿ ಕೆಲವು ಸುತ್ತು ಹೋಗಿಯಾಗಿರುತ್ತದೆ. ಮುರಕಲ್ಲಿನ ಕೆಂಪು ಕೆಸರು ಸೇರಿದರೆ ರಬ್ಬರೂ ಸವೆಯಿತು, ರಿಮ್ಮೂ ಸವೆಯಿತು. ಇದರಲ್ಲಿ ಮುಂದಿನ ಎರಡು ಗಾಲಿಗೂ ಒಂದೊಂದು ಡಿಸ್ಕ್ ಬ್ರೇಕ್. ಹಿಡಿದಾಗ ಭಾರ ಮುಂದಕ್ಕೆ ಬಂದು ಆ ಗಾಲಿಗಳನ್ನೇ ಒತ್ತುತ್ತದೆ. ಹಿಂದಿನ ಗಾಲಿ ಏಳದ ಹಾಗೆ ಅಕ್ಕಿ ಕೂತಿರುತ್ತದೆ. ಎಡಗೈ, ಬಲಗೈಗಳ ಬ್ರೇಕನ್ನು ಸಮನಾಗಿ ಹಿಡಿಯಲು ಮಾತ್ರ ಅಭ್ಯಾಸ ಬೇಕು. ಒಂದನ್ನೇ ಜಗ್ಗಿದರೆ ಸೈಕಲ್ ಆ ಬದಿಗೆ ಎಳೆಯುತ್ತದೆ.

ಪುತ್ತೂರಿನ ಕಿಲ್ಲೆ ಮೈದಾನದ ಸೋಮವಾರದ ಸಂತೆಗೆ ಇದನ್ನು ಒಯ್ಯಬಹುದು, ಒಳಗೆ ನುಗ್ಗಿಸಬಾರದು. ಮೂರಡಿಗೆ ಸ್ವಲ್ಪ ಕಡಿಮೆ ಅಗಲ. ಹರಿವೆ, ಅಲಸಂಡೆ, ಸೌತೆಕಾಯಿ ಹರಡಿ ಕೂತವರ ನಡುವೆ ಅದಕ್ಕೆಲ್ಲಿಯ ಜಾಗ? ಹೊರಗೆ ನಿಲ್ಲಿಸಿದರೆ ತಕ್ಷಣ ನಾಲ್ಕು ಜನ ಸೇರುತ್ತಾರೆ, "ಉಂದು ದಾದ ಅಣ್ಣಾ?" ಎಂದು ಕೇಳುತ್ತಾರೆ. ಒಂದು ಸಲ ಕೂತು ನೋಡಲು ಬಿಡದೆ ನಿರ್ವಾಹವಿಲ್ಲ. ಸುರುಳಿ ಸುತ್ತಿ ಬಾಳೆನಾರಿನಲ್ಲಿ ಕಟ್ಟಿದ ಬಸಳೆ ಚೀಲದೊಳಗೆ ನಲುಗುತ್ತದೆ. ಅದನ್ನು ಮೇಲಿನ ಕ್ಯಾರಿಯರಿನಲ್ಲಿಟ್ಟು ಹಳೆ ಟ್ಯೂಬು ಸೀಳಿ ಮಾಡಿದ ಪಟ್ಟಿಯಿಂದ ಬಿಗಿಯಬೇಕು. ಹುಕ್ಕಿನ ಹಗ್ಗಗಳನ್ನು ನಾನು ನಂಬುವುದಿಲ್ಲ. ಟ್ಯೂಬಿನ ಪಟ್ಟಿಯ ಹಿಡಿತವೇ ಬೇರೆ.

ಇನ್ನು ಕುಂದುಕೊರತೆ. ಮಳೆಯಲ್ಲಿ ಮುಖ ಆಕಾಶಕ್ಕೆ ಇರುವುದರಿಂದ ಹನಿ ನೇರ ಕನ್ನಡಕದ ಮೇಲೆ. ಒಂದು ಕೈಯಲ್ಲಿ ಕೊಡೆ ಹಿಡಿದು ಸೈಕಲ್ ಬಿಡುತ್ತಿದ್ದ ನಮ್ಮ ಮಾಷ್ಟ್ರುಗಳ ವಿದ್ಯೆಯೂ ಉಪಯೋಗಕ್ಕಿಲ್ಲ. ಏಪ್ರಿಲಿನಲ್ಲಿ ಬೆನ್ನು ಬೆವರುತ್ತದೆ. ಬಲೆಯ ಸೀಟೇ ಆಗಬೇಕು. ಚೈನು ಮೂರು ಸೈಕಲಿನದ್ದು ಜೋಡಿಸಿದಷ್ಟು ಉದ್ದ, ತೊಳೆದು ಎಣ್ಣೆ ಬಿಡುವ ಕೆಲಸವೂ ಅಷ್ಟೇ ಉದ್ದ. ಟ್ಯೂಬಿನ ವಿಷಯದಲ್ಲಿ ಚಿಂತೆಯಿಲ್ಲ. ಮುಂದಿನ ಗಾಲಿಗಳು 20 ಇಂಚಿನವು, ಮಕ್ಕಳ ಸೈಕಲಿನ ದಪ್ಪ ಟಯರಿನ ಟ್ಯೂಬು ಸರಿಹೊಂದುತ್ತದೆ.

ದೊಡ್ಡ ಕೊರತೆ ಎತ್ತರದ್ದು. ತಲೆ ಇರುವುದು ಕಾರಿನ ಕಿಟಕಿಗಿಂತ ಕೆಳಗೆ. ಉದ್ದದ ಕೋಲಿಗೆ ಕೇಸರಿಯೋ ಹಳದಿಯೋ ಬಾವುಟ ಕಟ್ಟದೆ ಹೊರಡಬಾರದು. (ಬಣ್ಣ ಆರಿಸುವಾಗ ಚುನಾವಣೆಯ ದಿನಗಳನ್ನು ನೋಡಿಕೊಳ್ಳುವುದು ಒಳ್ಳೆಯದು.) ಸುಳ್ಯದಿಂದ ಅರಂತೋಡು, ಕಲ್ಲುಗುಂಡಿ ಮೂಲಕ ಸಂಪಾಜೆಗೆ ಪಯಸ್ವಿನಿಯ ಬದಿಯಲ್ಲೇ ಹೋಗುವ ರಸ್ತೆ ಈ ಸೈಕಲಿಗೆ ಹೇಳಿ ಮಾಡಿಸಿದ ನಿಧಾನದ ಏರು. ಏನು ಮಾಡೋಣ, ಅದು ಮಾಣಿ–ಮೈಸೂರು ಹೆದ್ದಾರಿ. ರಾತ್ರಿ ಬಸ್ಸಿನ ಚಾಲಕನಿಗೆ ನೆಲಮಟ್ಟದ ಸವಾರ ಕಾಣಿಸುತ್ತಾನೆಂಬ ಭರವಸೆ ನನಗಿಲ್ಲ. ಕಡಬದ ಕಡೆಯೂ ಅಷ್ಟೇ. ಗುಂಡ್ಯ ಹೊಳೆ ಉಕ್ಕಿದಾಗಲೆಲ್ಲ ಹೊಸಮಠದ ಮುಳುಗು ಸೇತುವೆ ನೀರಿನಡಿಗೆ ಹೋಗಿ ದಾರಿ ಕಟ್ಟುತ್ತಿದ್ದ ಕಾಲ ಹೊಸ ಸೇತುವೆಯೊಂದಿಗೆ ಮುಗಿಯಿತು. ಈಗ ಸುಬ್ರಹ್ಮಣ್ಯದ ಯಾತ್ರಿಕರ ಗಾಡಿಗಳು ಅಲ್ಲಿ ನಿಲ್ಲುವುದೇ ಇಲ್ಲ.

2006–07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಾಗ ನಮ್ಮ ಏರಿಗೂ ಬಯಲುಸೀಮೆಗೂ ಒಂದೇ ಮಾದರಿ ಬಂತು, ಗೇರಿಲ್ಲದ್ದು. ಮಕ್ಕಳು ತುಳಿದಷ್ಟೇ ತಳ್ಳಿದರು. ಊರು ನೋಡಿ ಸೈಕಲ್ ಆರಿಸಬೇಕೆಂಬ ನನ್ನ ಹಟಕ್ಕೆ ಅದೂ ಒಂದು ಕಾರಣ.

ಹಾಗಾದರೆ ರಿಕಂಬೆಂಟ್ ಕೊಳ್ಳಬಹುದೇ? ಮನೆ ಒಳರಸ್ತೆಯಲ್ಲಿದ್ದು, ಅಂಗಡಿ ಐದಾರು ಕಿಲೋಮೀಟರಿನೊಳಗಿದ್ದು, ಬೆನ್ನೋ ಮಂಡಿಯೋ ಮಾಮೂಲಿ ಸೈಕಲಿಗೆ ಒಗ್ಗದವರು ಮೂರು ಗಾಲಿಯದ್ದನ್ನು ಧಾರಾಳವಾಗಿ ಕೊಳ್ಳಿ, ಡಿಸ್ಕ್ ಬ್ರೇಕ್ ಇರುವುದನ್ನೇ ಕೊಳ್ಳಿ. ಇಡೀ ದಾರಿ ಹೆದ್ದಾರಿಯಲ್ಲೇ ಹೋಗಬೇಕಾದವರಿಗೆ ಬೇಡ. ಎರಡು ಗಾಲಿಯದ್ದು ನಮ್ಮ ಗುಡ್ಡೆಗಳಲ್ಲಿ ಯಾರಿಗೂ ಬೇಡ.